ಮನೆಯ ಕಡತಗಳಿಗೊಂದು ಭಂಡಾರ : ಅಮೀರ್‌ಪೇಟ್‌ನಿಂದ ಒಂದು ಲೆಕ್ಕಾಚಾರ

ಅಮೀರ್‌ಪೇಟ್ ಎಂದೊಡನೆ ಕಂಪ್ಯೂಟರ್ ತರಬೇತಿ ಕೇಂದ್ರಗಳ ನಾಮಫಲಕಗಳು ಕಣ್ಣಮುಂದೆ ನಿಲ್ಲುತ್ತವೆ. ಮೈತ್ರಿವನಂ, ಆದಿತ್ಯ ಎನ್‌ಕ್ಲೇವ್‌ಗಳ ಮೆಟ್ಟಿಲುಗಳನ್ನು ಹತ್ತಿಳಿದು, ಜಾವಾ, ಒರೇಕಲ್ ಕಲಿತು ಉದ್ಯೋಗ ಹಿಡಿದ ಕನ್ನಡದ ಹುಡುಗರು ಕಡಿಮೆಯೇನಲ್ಲ. ಕಲಬುರಗಿ, ಬೀದರ್, ರಾಯಚೂರಿನವರಿಗೆ ಈ ನಗರ ಪರಕೀಯವೂ ಅಲ್ಲ. 1956ರ ನವೆಂಬರ್ 1ರವರೆಗೆ ಆ ಜಿಲ್ಲೆಗಳಿಗೆ ಹೈದರಾಬಾದೇ ರಾಜಧಾನಿಯಾಗಿತ್ತು. ಅಂದು ಎರಡು ತಿಂಗಳ ಕೋರ್ಸಿಗೆಂದು ಬಂದು ಹಾಸ್ಟೆಲ್ಲಿನ ಮಂಚ ಹಿಡಿದವರಲ್ಲಿ ಹಲವರು ಇಂದು ಇಲ್ಲಿಯೇ ಮನೆ ಮಾಡಿಕೊಂಡು, ಮಕ್ಕಳನ್ನು ಕಾಲೇಜಿಗೆ ಕಳುಹಿಸುತ್ತಿರುವ ಗೃಹಸ್ಥರು.

ಈ ಗೃಹಸ್ಥರನ್ನು ಒಂದು ಪ್ರಶ್ನೆ ಕೇಳಬೇಕಾಗಿದೆ. ಮದುವೆಯ ವಿಡಿಯೋ, ಮಗುವಿನ ಮೊದಲ ಹೆಜ್ಜೆ, ತಂದೆಯವರ ಕೈಬರಹದ ಪತ್ರಗಳ ಸ್ಕ್ಯಾನ್ ಪ್ರತಿ, ಹೊಲಮನೆಯ ಪತ್ರಗಳು - ಇವೆಲ್ಲ ಈಗ ಎಲ್ಲಿವೆ? ಬಹುಪಾಲು ಮನೆಗಳಲ್ಲಿ ಉತ್ತರ ಒಂದೇ. ಸ್ವಲ್ಪ ಈ ಫೋನಿನಲ್ಲಿ, ಸ್ವಲ್ಪ ಕೆಟ್ಟುಹೋದ ಆ ಫೋನಿನಲ್ಲಿ, ಸ್ವಲ್ಪ ಬೀರುವಿನ ಮೇಲಿನ ಲ್ಯಾಪ್‌ಟಾಪಿನಲ್ಲಿ, ಉಳಿದದ್ದು ದೇವರಿಗೇ ಗೊತ್ತು.

ಉಪದೇಶಕ್ಕೆ ಮುನ್ನ ನನ್ನ ತಪ್ಪನ್ನು ಒಪ್ಪಿಕೊಳ್ಳುವುದು ಲೇಸು. ಬೀದರ್ ಸೀಮೆಯ ನಮ್ಮ ಹಳ್ಳಿಮನೆಯಲ್ಲಿ ತಾಯಿಯವರು ಹಾಡಿದ ಹದಿನೇಳು ಬೀಸುವ ಹಾಡು, ಸೋಬಾನೆ ಹಾಡುಗಳು ಎರಡು ಕ್ಯಾಸೆಟ್ಟುಗಳಲ್ಲಿದ್ದವು. ಅವನ್ನು ಕಂಪ್ಯೂಟರಿಗೆ ಇಳಿಸಿ, ಒಂದು ಹೊರ ಡಿಸ್ಕಿನಲ್ಲಿಟ್ಟು, ಮನೆ ಬದಲಾಯಿಸುವ ಗಡಿಬಿಡಿಯಲ್ಲಿ ಕ್ಯಾಸೆಟ್ಟುಗಳನ್ನು ರದ್ದಿಗೆ ಹಾಕಿದೆ. ತಾಯಿ ತೀರಿಕೊಂಡ ಮರುವರ್ಷದ ಬೇಸಿಗೆಯಲ್ಲಿ ಆ ಡಿಸ್ಕು ಟಕ್ ಟಕ್ ಎಂದು ಸದ್ದು ಮಾಡಿ ಸುಮ್ಮನಾಯಿತು. ದತ್ತಾಂಶ ಮರಳಿ ತೆಗೆದುಕೊಡುವವರು ಕೇಳಿದಷ್ಟು ಹಣ ಕೊಟ್ಟೆ. ಹದಿನೇಳರಲ್ಲಿ ನಾಲ್ಕು ಹಾಡುಗಳು ಮಾತ್ರ ಮರಳಿ ಬಂದವು. ಇದರಲ್ಲಿ ಡಿಸ್ಕಿನ ತಪ್ಪೇನೂ ಇಲ್ಲ. ತಿರುಗುವ ಯಂತ್ರ ಒಂದು ದಿನ ನಿಲ್ಲುವುದು ಸಹಜ. ಒಂದೇ ಪ್ರತಿಯನ್ನು ನಂಬಿದ್ದು ನನ್ನ ತಪ್ಪು.

ಅಂದಿನಿಂದ ಮನೆಯಲ್ಲೊಂದು ಚಿಕ್ಕ ಕಡತ ಭಂಡಾರ, ಅಂದರೆ ಫೈಲ್ ಸರ್ವರ್, ಇಟ್ಟುಕೊಂಡಿದ್ದೇನೆ. ಮಿತವ್ಯಯದಲ್ಲಿ ಇದನ್ನು ಹೇಗೆ ಹೊಂದಿಸಿಕೊಳ್ಳಬಹುದು, ಇಂದಿನ ಮಾರುಕಟ್ಟೆಯಲ್ಲಿ ಯಾವುದಕ್ಕೆ ಹಣ ಹಾಕಬೇಕು, ಯಾವುದಕ್ಕೆ ಹಾಕಬಾರದು ಎಂಬುದನ್ನು ವಿವೇಚಿಸುವುದು ಈ ಲೇಖನದ ಉದ್ದೇಶ.

ಈಗಲೇ ಏಕೆ?

ಕಳೆದ ಕೆಲವು ವರ್ಷಗಳ ನಾಲ್ಕು ಬೆಳವಣಿಗೆಗಳನ್ನು ಒಟ್ಟಿಗಿಟ್ಟು ನೋಡಬೇಕು.

ಮೊದಲನೆಯದು, ಉಚಿತ ಸಂಗ್ರಹದ ಕಾಲ ಮುಗಿದದ್ದು. ಗೂಗಲ್ ಫೋಟೋಸ್‌ನಲ್ಲಿ ಮಿತಿಯಿಲ್ಲದೆ ಚಿತ್ರಗಳನ್ನಿಡುವ ಅವಕಾಶ 2021ರ ಜೂನ್ 1ಕ್ಕೆ ಕೊನೆಗೊಂಡಿತು. ಅಂದಿನಿಂದ ಅಂಚೆ, ಕಡತ, ಚಿತ್ರ ಮೂರೂ 15 ಜಿಬಿಯ ಒಂದೇ ಗಂಟಿನಲ್ಲಿ ಸೇರಿಕೊಳ್ಳಬೇಕು. ಆಮೇಲೆ ಬಾಡಿಗೆ. ಬಾಡಿಗೆ ಕೊಡುವುದು ತಪ್ಪಲ್ಲ, ಆದರೆ ಅದು ಜೀವಮಾನವಿಡೀ ಕೊಡಬೇಕಾದ ಬಾಡಿಗೆ.

ಎರಡನೆಯದು, ವಿಂಡೋಸ್ 10ರ ನಿವೃತ್ತಿ. ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಅದರ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ವಿಂಡೋಸ್ 11ಕ್ಕೆ ಇಂಟೆಲ್‌ನ 8ನೇ ಪೀಳಿಗೆ ಅಥವಾ ಅನಂತರದ ಪ್ರೊಸೆಸರ್ ಬೇಕು. ಹೀಗಾಗಿ 6 ಮತ್ತು 7ನೇ ಪೀಳಿಗೆಯ, ಇನ್ನೂ ಗಟ್ಟಿಮುಟ್ಟಾದ ಕಚೇರಿ ಯಂತ್ರಗಳು ಬೆಲೆ ಕಳೆದುಕೊಂಡು ಬಳಸಿದ ಸರಕಿನ ಮಾರುಕಟ್ಟೆ ಸೇರುತ್ತಿವೆ. ಲಿನಕ್ಸ್ ಹಾಕಿದರೆ ಇವೇ ಯಂತ್ರಗಳು ಕಡತ ಕಾಯುವ ಕೆಲಸವನ್ನು ಇನ್ನೂ ಹಲವು ವರ್ಷ ನಿರಾಯಾಸವಾಗಿ ಮಾಡಬಲ್ಲವು.

ಮೂರನೆಯದು, ಮೆಮೊರಿಯ ದುಬಾರಿತನ. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳಿಗೆ ಬೇಕಾದ ವಿಶೇಷ ಮೆಮೊರಿಯ ಕಡೆಗೆ ತಯಾರಕರು ವಾಲಿದ್ದರಿಂದ 2025ರ ಉತ್ತರಾರ್ಧದಲ್ಲಿ ಸಾಮಾನ್ಯ ರ‍್ಯಾಮ್‌ನ ಬೆಲೆ ತೀವ್ರವಾಗಿ ಏರಿತು. ಆ ವರ್ಷದ ಡಿಸೆಂಬರಿನಲ್ಲಿ ಮೈಕ್ರಾನ್ ಸಂಸ್ಥೆ ಗೃಹಬಳಕೆದಾರರ ‘ಕ್ರೂಶಿಯಲ್’ ವ್ಯಾಪಾರದಿಂದ ಹಿಂದೆ ಸರಿಯುವುದಾಗಿ ಪ್ರಕಟಿಸಿತು. ಬಡವರ ಕಂಪ್ಯೂಟರ್ ಎಂದೇ ಹೆಸರಾದ ರಾಸ್ಪ್‌ಬೆರಿ ಪೈ ಕೂಡ ಅದೇ ತಿಂಗಳಲ್ಲಿ ಬೆಲೆ ಏರಿಸಿತು. ಹೊಸ ಬಿಡಿಭಾಗಗಳನ್ನು ಕೊಂಡು ಯಂತ್ರ ಕಟ್ಟುವ ಹಳೆಯ ಸಲಹೆ ಈಗ ಮೊದಲಿನಷ್ಟು ಅಗ್ಗದ್ದಲ್ಲ. ರ‍್ಯಾಮ್ ಸಹಿತವಾಗಿಯೇ ಬರುವ ಬಳಸಿದ ಯಂತ್ರಕ್ಕೆ ಇದರಿಂದ ಇನ್ನಷ್ಟು ಅರ್ಥ ಬಂದಿದೆ.

ನಾಲ್ಕನೆಯದು, ಆಮದಿನ ನಿಯಂತ್ರಣ. 2023ರ ಆಗಸ್ಟ್ 3ರಂದು ಕೇಂದ್ರ ಸರ್ಕಾರ ಲ್ಯಾಪ್‌ಟಾಪ್, ಟ್ಯಾಬ್ಲೆಟ್‌ಗಳ ಜೊತೆಗೆ ಅತಿ ಚಿಕ್ಕ ಗಾತ್ರದ ಕಂಪ್ಯೂಟರ್ ಹಾಗೂ ಸರ್ವರ್‌ಗಳ ಆಮದಿಗೂ ಪರವಾನಗಿಯ ಷರತ್ತನ್ನು ಘೋಷಿಸಿತು. ಬಳಿಕ ಅದನ್ನು ಸಡಿಲಿಸಿ, ನವೆಂಬರಿನಿಂದ ನೋಂದಣಿಯ ವ್ಯವಸ್ಥೆಯನ್ನು ತಂದಿತು. ವಿದೇಶದಲ್ಲಿರುವ ಬಂಧುಗಳು ‘ಇಲ್ಲಿ ಇಷ್ಟು ಅಗ್ಗಕ್ಕೆ ಸಿಗುತ್ತದೆ’ ಎಂದು ತೋರಿಸುವ ಚಿಕ್ಕ ಪೆಟ್ಟಿಗೆಗಳು ನಮ್ಮ ಪೇಟೆಯಲ್ಲಿ ಅದೇ ಬೆಲೆಗೆ ಸಿಗಬೇಕೆಂದು ನಿರೀಕ್ಷಿಸುವಂತಿಲ್ಲ.

ಎಷ್ಟು ಜಾಗ ಬೇಕು?

ಅಂಗಡಿಗೆ ಹೋಗುವ ಮೊದಲು ಮನೆಯಲ್ಲೇ ಕುಳಿತು ಒಂದು ಪಟ್ಟಿ ಮಾಡಬೇಕು. ಫೋನಿನ ಒಂದು ಚಿತ್ರಕ್ಕೆ ಸರಾಸರಿ 4 ಎಂಬಿ ಎಂದಿಟ್ಟುಕೊಂಡರೆ 1 ಟಿಬಿಯಲ್ಲಿ ಎರಡೂವರೆ ಲಕ್ಷ ಚಿತ್ರಗಳು ಹಿಡಿಯುತ್ತವೆ. ಅರವತ್ತು ನಿಮಿಷದ ಕ್ಯಾಸೆಟ್ಟನ್ನು ಸಿ.ಡಿ. ಗುಣಮಟ್ಟದಲ್ಲಿ, ಕುಗ್ಗಿಸದೆ ಇಳಿಸಿದರೆ ಸುಮಾರು 635 ಎಂಬಿ. 2000ರ ದಶಕದ ಮಿನಿ ಡಿ.ವಿ. ಟೇಪಿನ ಒಂದು ಗಂಟೆಗೆ ಸುಮಾರು 13 ಜಿಬಿ. ಅಂಥ ಮೂವತ್ತು ಟೇಪುಗಳಿದ್ದರೆ 400 ಜಿಬಿಯ ಸಮೀಪ.

ಹೀಗೆ ಕೂಡಿಸಿದಾಗ ನಿಮ್ಮ ಮನೆಯ ಒಟ್ಟು ಗಾತ್ರ 200 ಜಿಬಿಯೊಳಗೆ ಬಂದರೆ ನಿಮಗೆ ಸರ್ವರೇ ಬೇಡ. ಎರಡು ಹೊರ ಡಿಸ್ಕು ಕೊಂಡು, ಎರಡರಲ್ಲೂ ಒಂದೊಂದು ಪ್ರತಿ ಇಟ್ಟು, ಒಂದನ್ನು ತಮ್ಮನ ಮನೆಗೆ ಕಳುಹಿಸಿದರೆ ಸಾಕು. ನಾಲ್ಕೈದು ಜನ, ನಾಲ್ಕೈದು ಫೋನು, ಎರಡು ಲ್ಯಾಪ್‌ಟಾಪು ಇದ್ದು ದಿನವೂ ಹೊಸ ಚಿತ್ರಗಳು ಬಂದು ಬೀಳುವ ಮನೆಗೆ ಮಾತ್ರ, ತಾನಾಗಿಯೇ ಎಲ್ಲವನ್ನೂ ಬರಮಾಡಿಕೊಳ್ಳುವ ಸದಾ ಎಚ್ಚರದ ಪೆಟ್ಟಿಗೆ ಬೇಕಾಗುತ್ತದೆ. ಅಂಥ ಮನೆಗೂ 2ರಿಂದ 4 ಟಿಬಿ ಸಾಮಾನ್ಯವಾಗಿ ಹಲವು ವರ್ಷಗಳಿಗೆ ಸಾಕು.

ಯಾವ ಯಂತ್ರ?

ಕಡತಗಳನ್ನು ಇಟ್ಟುಕೊಂಡು ಕೇಳಿದಾಗ ಕೊಡುವುದು ಕಂಪ್ಯೂಟರಿಗೆ ಭಾರವಾದ ಕೆಲಸವಲ್ಲ. ಹತ್ತು ವರ್ಷ ಹಳೆಯ ಪ್ರೊಸೆಸರ್ ಕೂಡ ಇದನ್ನು ತೂಕಡಿಸುತ್ತಲೇ ಮಾಡುತ್ತದೆ. ಆದ್ದರಿಂದ ಅಳೆಯಬೇಕಾದದ್ದು ವೇಗವನ್ನಲ್ಲ, ವರ್ಷವಿಡೀ ಅದು ನುಂಗುವ ವಿದ್ಯುತ್ತನ್ನು.

ಲೆಕ್ಕ ಸರಳ. ಹಗಲಿರುಳು ಉರಿಯುವ 1 ವ್ಯಾಟ್ ವರ್ಷಕ್ಕೆ 8.76 ಯೂನಿಟ್. ಯೂನಿಟ್ಟಿಗೆ ಎಂಟು ರೂಪಾಯಿ ಎಂದು ಹಿಡಿದರೆ ಸುಮಾರು 70 ರೂಪಾಯಿ. 15 ವ್ಯಾಟ್‌ನ ಪೆಟ್ಟಿಗೆಗೆ ವರ್ಷಕ್ಕೆ 131 ಯೂನಿಟ್, ಸುಮಾರು 1,050 ರೂಪಾಯಿ. 40 ವ್ಯಾಟ್‌ಗೆ 350 ಯೂನಿಟ್, 2,800 ರೂಪಾಯಿ. 150 ವ್ಯಾಟ್‌ಗೆ 1,314 ಯೂನಿಟ್, 10,500 ರೂಪಾಯಿ. ಬಳಕೆ ಹೆಚ್ಚಿದಂತೆ ದರದ ಮೆಟ್ಟಿಲೂ ಏರುವುದರಿಂದ ಬಿಲ್ಲಿನಲ್ಲಿ ಇದು ಇನ್ನಷ್ಟು ಕಾಣಬಹುದು.

ಈ ಅಳತೆಗೋಲನ್ನು ಹಿಡಿದು ನಾಲ್ಕು ಬಗೆಗಳನ್ನು ನೋಡೋಣ.

ಕಂಪನಿಗಳು ಬಿಸಾಡಿದ ದೊಡ್ಡ ರ‍್ಯಾಕ್ ಸರ್ವರ್‌ಗಳು ನೋಡಲು ಭರ್ಜರಿ, ಬೆಲೆಯೂ ಕೆಲವೊಮ್ಮೆ ಆಶ್ಚರ್ಯವಾಗುವಷ್ಟು ಕಡಿಮೆ. ಆದರೆ ಸುಮ್ಮನಿದ್ದಾಗಲೂ ನೂರು ವ್ಯಾಟ್ ಮೀರುವುದು ಇವಕ್ಕೆ ಸಾಮಾನ್ಯ, ಫ್ಯಾನಿನ ಸದ್ದು ಮನೆಯವರ ನಿದ್ದೆ ಕೆಡಿಸುತ್ತದೆ. ಆನೆಯನ್ನು ಪುಕ್ಕಟೆ ಕೊಟ್ಟರೂ ಮೇವು ಹಾಕುವವರು ನಾವೇ. ಇದನ್ನು ಕೈಬಿಡಿ.

ರಾಸ್ಪ್‌ಬೆರಿ ಪೈ ಅಥವಾ ಇಂಟೆಲ್ ಎನ್100ರಂಥ ಮಿತವಿದ್ಯುತ್ತಿನ ಚಿಪ್ಪಿನ ಪುಟ್ಟ ಪೆಟ್ಟಿಗೆಗಳು ವಿದ್ಯುತ್ತಿನ ದೃಷ್ಟಿಯಿಂದ ಅತ್ಯುತ್ತಮ. ಆದರೆ ಇವುಗಳಲ್ಲಿ ಹೆಚ್ಚಿನವಕ್ಕೆ ಮೂರೂವರೆ ಇಂಚಿನ ದೊಡ್ಡ ಡಿಸ್ಕನ್ನು ಒಳಗೆ ಕೂರಿಸುವ ಜಾಗವಿಲ್ಲ. ಯು.ಎಸ್.ಬಿ. ತಂತಿಯಲ್ಲಿ ತೂಗುಹಾಕಬೇಕು. ತಂತಿ ಅಲುಗಿದರೆ, ಅಡಾಪ್ಟರ್ ಸೊರಗಿದರೆ ಡಿಸ್ಕು ನಡುವೆಯೇ ಕಾಣೆಯಾಗುತ್ತದೆ. ಲೆನೊವೊ ಟೈನಿ, ಡೆಲ್ ಮೈಕ್ರೊ, ಎಚ್.ಪಿ. ಮಿನಿಗಳಂಥ ಪುಸ್ತಕದಷ್ಟು ದೊಡ್ಡ ಬಳಸಿದ ಯಂತ್ರಗಳಿಗೂ ಇದೇ ಮಿತಿ. ಒಂದು ಎರಡೂವರೆ ಇಂಚಿನ ಎಸ್.ಎಸ್.ಡಿ. ಸಾಕಾಗುವ ಮನೆಗೆ ಇವು ಚೆನ್ನ.

ಸಿನಾಲಜಿ, ಕ್ಯೂನ್ಯಾಪ್‌ನಂಥ ಸಿದ್ಧ ಪೆಟ್ಟಿಗೆಗಳು ಮೂರನೆಯ ಬಗೆ. ತಾಂತ್ರಿಕ ತಲೆನೋವು ಬೇಡವೆನ್ನುವವರಿಗೆ ಇವು ಸೂಕ್ತ. ಆದರೆ ಖಾಲಿ ಪೆಟ್ಟಿಗೆಗೇ ದೊಡ್ಡ ಮೊತ್ತ ತೆರಬೇಕು, ತಯಾರಕರ ಮನಸ್ಸಿಗೂ ಕಟ್ಟುಬೀಳಬೇಕು. 2025ರಲ್ಲಿ ಸಿನಾಲಜಿ ತನ್ನ ಹೊಸ ಪ್ಲಸ್ ಮಾದರಿಗಳಿಗೆ ತಾನು ಒಪ್ಪಿದ ಡಿಸ್ಕುಗಳನ್ನೇ ಹಾಕಬೇಕೆಂದು ಕಟ್ಟಳೆ ಮಾಡಿ, ಗ್ರಾಹಕರ ವಿರೋಧ ಎದ್ದ ಬಳಿಕ ಅಕ್ಟೋಬರಿನಲ್ಲಿ ಅದನ್ನು ಸಡಿಲಿಸಿದ್ದು ಇದಕ್ಕೆ ಸಾಕ್ಷಿ.

ನಾಲ್ಕನೆಯದು, ನನ್ನ ಆಯ್ಕೆ: ಬ್ಯಾಂಕು, ಕಚೇರಿಗಳಿಂದ ಹೊರಬೀಳುವ ‘ಸ್ಮಾಲ್ ಫಾರ್ಮ್ ಫ್ಯಾಕ್ಟರ್’ ಡೆಸ್ಕ್‌ಟಾಪ್. ಮಲಗಿಸಿಟ್ಟರೆ ದಪ್ಪ ಪಂಚಾಂಗಗಳ ಕಟ್ಟಿನಂತಿರುವ ಈ ಯಂತ್ರದಲ್ಲಿ ಮೂರೂವರೆ ಇಂಚಿನ ಒಂದು ಡಿಸ್ಕು, ಕೆಲವು ಮಾದರಿಗಳಲ್ಲಿ ಎರಡು, ಒಳಗೇ ಭದ್ರವಾಗಿ ಕೂರುತ್ತವೆ. 8 ಜಿಬಿ ರ‍್ಯಾಮ್ ಇದ್ದರೆ ಧಾರಾಳ. ಡಿಸ್ಕು ಸೇರಿ 20ರಿಂದ 30 ವ್ಯಾಟ್ ಆಸುಪಾಸಿನಲ್ಲಿ ಕಾಲ ಹಾಕುತ್ತದೆ. ಡೆಬಿಯನ್ ಲಿನಕ್ಸ್, ಅದರ ಮೇಲೆ ಓಪನ್‌ಮೀಡಿಯಾವಾಲ್ಟ್ ಎಂಬ ಉಚಿತ ತಂತ್ರಾಂಶ ಹಾಕಿದರೆ ಮನೆಯ ವಿಂಡೋಸ್ ಯಂತ್ರಗಳಿಗೆ ಅದು ಇನ್ನೊಂದು ಡ್ರೈವ್‌ನಂತೆ ಕಾಣುತ್ತದೆ.

ಡಿಸ್ಕಿನ ವಿಷಯದಲ್ಲಿ ಜಿಪುಣತನ ಬೇಡ

ಯಂತ್ರ ಹಳೆಯದಾಗಿರಲಿ, ಡಿಸ್ಕು ಹೊಸದಾಗಿರಲಿ. ಇದೇ ಈ ಲೇಖನದ ಸಾರಾಂಶ. ಯಂತ್ರ ಸತ್ತರೆ ಡಿಸ್ಕನ್ನು ತೆಗೆದು ಬೇರೊಂದಕ್ಕೆ ಹಾಕಬಹುದು. ಡಿಸ್ಕು ಸತ್ತರೆ ಏನಾಗುತ್ತದೆಂಬುದನ್ನು ಮೇಲೆ ಹೇಳಿದ್ದೇನೆ. ನಿಮ್ಮ ಬಜೆಟ್ಟಿನ ಅರ್ಧಕ್ಕಿಂತ ಹೆಚ್ಚು ಡಿಸ್ಕುಗಳಿಗೆ ಹೋದರೆ ಲೆಕ್ಕ ಸರಿಯಾಗಿದೆಯೆಂದೇ ತಿಳಿಯಿರಿ.

ಕೊಳ್ಳುವಾಗ ಎರಡು ಎಚ್ಚರಿಕೆ. ಒಂದು, ಬರಹದ ಪಟ್ಟಿಗಳನ್ನು ಹೆಂಚಿನಂತೆ ಒಂದರ ಮೇಲೊಂದು ಹೊದಿಸುವ ‘ಎಸ್.ಎಂ.ಆರ್.’ ಡಿಸ್ಕುಗಳು ಬಹಳ ಹೊತ್ತು ಬರೆಯುವಾಗ ತೀರ ನಿಧಾನವಾಗುತ್ತವೆ. ಸರ್ವರಿಗೆ ‘ಸಿ.ಎಂ.ಆರ್.’ ಬಗೆಯೇ ಲೇಸು. 2020ರಲ್ಲಿ ವೆಸ್ಟರ್ನ್ ಡಿಜಿಟಲ್ ತನ್ನ ‘ರೆಡ್’ ಸಾಲಿನ 2ರಿಂದ 6 ಟಿಬಿ ಡಿಸ್ಕುಗಳಲ್ಲಿ ಕೆಲವು ಎಸ್.ಎಂ.ಆರ್. ಎಂದು ಒಪ್ಪಿಕೊಂಡು, ಬಳಿಕ ಸಿ.ಎಂ.ಆರ್. ಡಿಸ್ಕುಗಳನ್ನು ‘ರೆಡ್ ಪ್ಲಸ್’ ಎಂದು ಬೇರ್ಪಡಿಸಿತು. ಮಾದರಿಯ ಸಂಖ್ಯೆಯನ್ನು ನೋಡದೆ ಬರಿಯ ಬಣ್ಣ ನೋಡಿ ಕೊಳ್ಳಬಾರದು.

ಎರಡು, ‘ಹೊಸದು’ ಎಂಬ ಮಾತನ್ನು ಪರೀಕ್ಷಿಸಬೇಕು. 2025ರ ಆರಂಭದಲ್ಲಿ ಜರ್ಮನಿಯಲ್ಲಿ ಸಾವಿರಾರು ಗಂಟೆ ದುಡಿದ ಸೀಗೇಟ್ ಡಿಸ್ಕುಗಳು ಗಂಟೆಯ ಎಣಿಕೆ ಅಳಿಸಿಕೊಂಡು ಹೊಸದೆಂದು ಮಾರಾಟವಾದದ್ದು ಬಯಲಾಯಿತು. ಅವನ್ನು ತಾನು ಮಾರಿಲ್ಲವೆಂದು ಕಂಪನಿ ಹೇಳಿತು. ಕೊಂಡ ದಿನವೇ ಸರಣಿ ಸಂಖ್ಯೆಯನ್ನು ತಯಾರಕರ ಜಾಲತಾಣದಲ್ಲಿ ಹಾಕಿ ಖಾತರಿಯ ಅವಧಿ ನೋಡಿ. ಬಿಲ್ಲನ್ನು ಕಡ್ಡಾಯವಾಗಿ ಪಡೆಯಿರಿ.

ಪೇಟೆಯಲ್ಲಿ ನೋಡಬೇಕಾದದ್ದು

ಬಳಸಿದ ಯಂತ್ರಗಳ ಅಂಗಡಿಗಳು ಅಮೀರ್‌ಪೇಟ್‌ನ ಓಣಿಗಳಲ್ಲಿಯೂ ಇವೆ. ಬಿಡಿಭಾಗಗಳಿಗೆ ಸಿಕಂದರಾಬಾದಿನ ಪಾರ್ಕ್‌ಲೇನ್‌ನ ಚೆನಾಯ್ ಟ್ರೇಡ್ ಸೆಂಟರ್ ಬೆಂಗಳೂರಿನ ಎಸ್.ಪಿ. ರಸ್ತೆಯಿದ್ದಂತೆ, ಮೆಟ್ರೋದ ನೀಲಿ ಮಾರ್ಗದಲ್ಲಿ ಪ್ಯಾರಡೈಸ್ ನಿಲ್ದಾಣಕ್ಕೆ ಇಳಿದರೆ ಹತ್ತಿರ. ಎಲ್ಲಿ ಕೊಂಡರೂ ಹಣ ಕೊಡುವ ಮುನ್ನ ಯಂತ್ರವನ್ನು ನಿಮ್ಮ ಕಣ್ಣೆದುರೇ ಚಾಲೂ ಮಾಡಿಸಿ.

ಬಯಾಸ್‌ಗೆ ಹಿಂದಿನ ಕಂಪನಿಯ ಪಾಸ್‌ವರ್ಡ್ ಉಳಿದಿದೆಯೇ ನೋಡಿ. ಉಳಿದಿದ್ದರೆ ಆ ಯಂತ್ರ ಬೇಡ. ವಿದ್ಯುತ್ ಹೋಗಿ ಬಂದ ಮೇಲೆ ತಾನಾಗಿಯೇ ಚಾಲೂ ಆಗುವ ಆಯ್ಕೆ ಬಯಾಸ್‌ನಲ್ಲಿರಬೇಕು. ನಮ್ಮ ಊರುಗಳಿಗೆ ಇದು ಪ್ರೊಸೆಸರಿಗಿಂತ ಮುಖ್ಯ. ಡಿಸ್ಕು ಕೂರಿಸಲು ಜಾಗ ಮಾತ್ರವಲ್ಲ, ಅದಕ್ಕೆ ಬೇಕಾದ ವಿದ್ಯುತ್ ತಂತಿಯೂ ಇದೆಯೇ ಎಂದು ಮುಚ್ಚಳ ತೆಗೆಸಿ ಎಣಿಸಿ. ಈ ಯಂತ್ರಗಳ ಪವರ್ ಸಪ್ಲೈ ಆಯಾ ಕಂಪನಿಯ ವಿಶೇಷ ಅಳತೆಯದು, ಬೀದಿಯಲ್ಲಿ ಸಿಗುವ ಸಾಮಾನ್ಯ ಪೆಟ್ಟಿಗೆ ಹೊಂದುವುದಿಲ್ಲ. ಹೀಗಾಗಿ ಪೇಟೆಯಲ್ಲಿ ಹೇರಳವಾಗಿ ಕಾಣುವ ಮಾದರಿಯನ್ನೇ ಆರಿಸಿದರೆ ನಾಳೆ ಬಿಡಿಭಾಗ ಸಿಗುತ್ತದೆ. ಜೊತೆಗೆ ಬರುವ ಹಳೆಯ ಡಿಸ್ಕಿನಲ್ಲಿ ಅಮೂಲ್ಯವಾದದ್ದನ್ನು ಇಡಬೇಡಿ.

ಮನೆಯ ರೌಟರನ್ನೂ ಒಮ್ಮೆ ನೋಡಿ. ಅದರ ತಂತಿಯ ಕಂಡಿಗಳು ಗಿಗಾಬಿಟ್ ವೇಗದವಾದರೆ 1 ಟಿಬಿ ನಕಲು ಎರಡೂವರೆ ಗಂಟೆಯಲ್ಲಿ ಮುಗಿಯುತ್ತದೆ. ಹಳೆಯ 100 ಮೆಗಾಬಿಟ್ ಕಂಡಿಗಳಾದರೆ ಒಂದು ದಿನವಿಡೀ ಹಿಡಿಯುತ್ತದೆ.

ಬಿಸಿಲು ಮತ್ತು ಕರೆಂಟು

ಹೈದರಾಬಾದಿನ ಏಪ್ರಿಲ್, ಮೇ ತಿಂಗಳುಗಳಲ್ಲಿ ಹೊರಗೆ 40 ಡಿಗ್ರಿ ದಾಟುವುದುಂಟು. ಸಾಮಾನ್ಯವಾಗಿ ಡಿಸ್ಕುಗಳ ಗರಿಷ್ಠ ಸಹನೆ 60ರಿಂದ 65 ಡಿಗ್ರಿ. ಗಾಳಿಯಾಡದ ಮುಚ್ಚಿದ ಬೀರುವಿನಲ್ಲಿ, ಬಿಸಿಲು ಕಾಯುವ ಗೋಡೆಗೆ ತಾಗಿಸಿ ಇಟ್ಟ ಪೆಟ್ಟಿಗೆ ಆ ಎಲ್ಲೆಗೆ ಬಹಳ ಹತ್ತಿರ ಹೋಗಬಲ್ಲದು. ನೆಲದಿಂದ ಎರಡಡಿ ಮೇಲೆ, ಗಾಳಿ ಹರಿಯುವ ಮೂಲೆಯಲ್ಲಿ ಇಡಿ. ನೆಲಮಾಳಿಗೆಯಲ್ಲಂತೂ ಬೇಡ, 2020ರ ಅಕ್ಟೋಬರಿನ ಮಳೆಗೆ ಈ ನಗರದ ಎಷ್ಟು ಮನೆಗಳು ನೀರಿನಲ್ಲಿ ನಿಂತವೆಂಬುದನ್ನು ನಾವು ಮರೆತಿಲ್ಲ.

ಬರೆಯುತ್ತಿರುವಾಗಲೇ ಕರೆಂಟು ಹೋದರೆ ಕಡತ ವ್ಯವಸ್ಥೆ ಕೆಡಬಹುದು. 600 ವಿ.ಎ.ಯ ಚಿಕ್ಕ ಯು.ಪಿ.ಎಸ್. ಒಂದು ಇಂಥ ಪೆಟ್ಟಿಗೆಯನ್ನೂ ರೌಟರನ್ನೂ ಶಾಂತವಾಗಿ ಮುಚ್ಚುವಷ್ಟು ಹೊತ್ತು ಹಿಡಿದಿಡುತ್ತದೆ. ಯು.ಎಸ್.ಬಿ. ಕಂಡಿಯಿರುವ ಮಾದರಿಯಾದರೆ ಬ್ಯಾಟರಿ ಇಳಿದಾಗ ಯಂತ್ರಕ್ಕೆ ಸೂಚನೆ ಕೊಟ್ಟು ತಾನೇ ಮುಚ್ಚಿಸಬಲ್ಲದು. ಅಗ್ಗದ ಮಾದರಿಗಳಲ್ಲಿ ಈ ಕಂಡಿ ಇರುವುದಿಲ್ಲ, ಕೇಳಿಯೇ ಕೊಳ್ಳಬೇಕು.

ಒಂದು ಪೆಟ್ಟಿಗೆ ಭಂಡಾರವಲ್ಲ

1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದನ್ನು ಕೊಚ್ಚಿದಾಗ ನಿಜಾಮರ ಸರ್ಕಾರ ಪರಿಹಾರ ಕೇಳಿದ್ದು ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರನ್ನು. ಅವರು ನಗರದೊಳಗೆ ಗೋಡೆ ಏರಿಸುವುದಷ್ಟರಿಂದ ತೃಪ್ತರಾಗಲಿಲ್ಲ. ನಗರದ ಹೊರಗೆ, ನದಿಯ ಮೇಲ್ಭಾಗದಲ್ಲಿ ನೀರನ್ನು ತಡೆದಿಡುವ ಜಲಾಶಯಗಳನ್ನು ಸೂಚಿಸಿದರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಆ ಯೋಚನೆಯ ಫಲ. ಅಪಾಯ ಬರುವ ಜಾಗದಲ್ಲಿಯೇ ಎಲ್ಲ ರಕ್ಷಣೆಯನ್ನೂ ಇಡಬಾರದೆಂಬ ಆ ವಿವೇಕ ಕಡತಗಳಿಗೂ ಸಲ್ಲುತ್ತದೆ.

ಸರ್ವರಿನಲ್ಲಿ ಎರಡು ಡಿಸ್ಕು ಹಾಕಿ ಒಂದನ್ನೊಂದು ಅನುಕರಿಸುವಂತೆ ಮಾಡಿದರೆ, ಅಂದರೆ ರೇಡ್ 1 ಮಾಡಿದರೆ, ಒಂದು ಸತ್ತಾಗ ಇನ್ನೊಂದು ನಡೆಸಿಕೊಂಡು ಹೋಗುತ್ತದೆ. ಆದರೆ ಮೊಮ್ಮಗ ಒಂದು ಕಡತ ಅಳಿಸಿದರೆ ಎರಡರಲ್ಲೂ ಅಳಿಯುತ್ತದೆ. ಕಳ್ಳ ಪೆಟ್ಟಿಗೆ ಹೊತ್ತರೆ ಎರಡೂ ಹೋಗುತ್ತವೆ. ಮನೆಗೆ ರೇಡ್ ಅನಿವಾರ್ಯವಲ್ಲ. ಆ ಎರಡನೆಯ ಡಿಸ್ಕನ್ನು ಹೊರಗಿಟ್ಟು ಪ್ರತಿ ಭಾನುವಾರ ಪ್ರತಿ ಮಾಡಿಕೊಳ್ಳುವುದು ಹೆಚ್ಚು ಬುದ್ಧಿವಂತಿಕೆ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಊರಿನಲ್ಲಿ - ಈ ಸೂತ್ರಕ್ಕೆ ಇನ್ನೂ ಪರ್ಯಾಯ ಹುಟ್ಟಿಲ್ಲ. ಕ್ಲೌಡ್ ಬಾಡಿಗೆಯನ್ನೂ ಪೂರ್ತಿ ಬಿಡಬೇಕಿಲ್ಲ. ತೀರ ಮುಖ್ಯವಾದ ಹತ್ತಿಪ್ಪತ್ತು ಜಿಬಿಯನ್ನು ಅಲ್ಲಿಯೂ ಇಡಬಹುದು.

ಇನ್ನೊಂದು ಮಾತು. ಸರ್ವರನ್ನು ನೇರವಾಗಿ ಅಂತರಜಾಲಕ್ಕೆ ತೆರೆದಿಡಬೇಡಿ. 2021ರ ಜೂನ್‌ನಲ್ಲಿ ‘ಮೈ ಬುಕ್ ಲೈವ್’ ಎಂಬ ಹಳೆಯ ಸಾಧನವನ್ನು ಜಾಲಕ್ಕೆ ಜೋಡಿಸಿಟ್ಟಿದ್ದ ಅನೇಕರು ಬೆಳಗಾಗುವಷ್ಟರಲ್ಲಿ ಎಲ್ಲ ಅಳಿಸಿಹೋದದ್ದನ್ನು ಕಂಡರು. ಅದಕ್ಕೆ 2015ರ ಬಳಿಕ ಭದ್ರತಾ ಪರಿಷ್ಕರಣೆಯೇ ಬಂದಿರಲಿಲ್ಲ. ಮರುವರ್ಷದ ಜನವರಿಯಲ್ಲಿ ‘ಡೆಡ್‌ಬೋಲ್ಟ್’ ಎಂಬ ಸುಲಿಗೆ ತಂತ್ರಾಂಶ ಕ್ಯೂನ್ಯಾಪ್ ಪೆಟ್ಟಿಗೆಗಳಿಗೆ ಬೀಗ ಜಡಿಯಿತು. ಮನೆಯ ಭಂಡಾರ ಮನೆಯೊಳಗಿನ ಜಾಲಕ್ಕೆ ಮಾತ್ರ ಸಿಗುವಂತಿದ್ದರೆ ಸಾಕು.

ಕೊನೆಯದಾಗಿ

ಪೆಟ್ಟಿಗೆ ಸಿದ್ಧವಾದ ಮೇಲೆ ಅದರೊಳಗೆ ಏನಿದೆ, ಹೇಗೆ ತೆರೆಯಬೇಕು ಎಂಬುದು ಒಬ್ಬರ ತಲೆಯಲ್ಲಿ ಮಾತ್ರ ಇರಬಾರದು. ಪಾಸ್‌ವರ್ಡನ್ನು ಕಾಗದದ ಮೇಲೆ ಬರೆದು ಮನೆಯ ಪತ್ರಗಳ ಜೊತೆಗಿಡಿ. ಮಡದಿಗೋ ಮಗಳಿಗೋ ಒಮ್ಮೆ ತೆರೆದು ತೋರಿಸಿ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬರೆದಿಟ್ಟ ಕನ್ನಡ ಕಡತಗಳಿದ್ದರೆ ಯೂನಿಕೋಡಿಗೆ ಪರಿವರ್ತಿಸಿ ಇನ್ನೊಂದು ಪ್ರತಿ ಇಡಿ. ಇಲ್ಲವಾದರೆ ಡಿಸ್ಕು ಬದುಕಿದ್ದರೂ ಅಕ್ಷರ ಸತ್ತಿರುತ್ತದೆ. ವರ್ಷಕ್ಕೊಮ್ಮೆ, ಆಯುಧಪೂಜೆಯ ದಿನ ಯಂತ್ರಕ್ಕೆ ಕುಂಕುಮವಿಡುವಾಗಲಾದರೂ, ಪ್ರತಿಯಿಂದ ಒಂದು ಕಡತವನ್ನು ಮರಳಿ ತೆರೆದು ನೋಡಿ. ತೆರೆದು ನೋಡದ ಪ್ರತಿಯನ್ನು ಪ್ರತಿ ಎನ್ನಲಾಗದು.

ಹೊರನಾಡಿನಲ್ಲಿ ನೆಲೆಸಿದ ಕುಟುಂಬಗಳಿಗೆ ಇದು ಹವ್ಯಾಸದ ಮಾತಷ್ಟೇ ಅಲ್ಲ. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದಂಥ ಸಂಸ್ಥೆಗಳು ಈ ನಗರದಲ್ಲಿ ಕನ್ನಡವನ್ನು ಸಾರ್ವಜನಿಕವಾಗಿ ಕಾಪಾಡಿಕೊಂಡು ಬಂದಿವೆ. ಆದರೆ ಅಜ್ಜಿಯ ಕನ್ನಡ, ಊರಿನ ಕನ್ನಡ, ಜೋಳದ ಸೀಮೆಯ ಆ ರಾಗ, ಇವನ್ನು ಯಾವ ಸಂಸ್ಥೆಯೂ ನಮ್ಮ ಪರವಾಗಿ ಕಾಯಲಾರದು. ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಅವು ಸಿಗುವುದಾದರೆ ನಮ್ಮ ಮನೆಗಳಿಂದಲೇ ಸಿಗಬೇಕು.

ಉಳಿದ ಆ ನಾಲ್ಕು ಹಾಡುಗಳು ಈಗ ಮೂರು ಕಡೆ ಇವೆ. ಅಮೀರ್‌ಪೇಟ್‌ನ ಮನೆಯ ಪೆಟ್ಟಿಗೆಯಲ್ಲಿ, ಅದರ ಪಕ್ಕದ ಹೊರ ಡಿಸ್ಕಿನಲ್ಲಿ, ಕಲಬುರಗಿಯ ತಂಗಿಯ ಮನೆಯಲ್ಲಿ. ಯುಗಾದಿಗೆ ಹೋದಾಗ ಅಲ್ಲಿನ ಡಿಸ್ಕನ್ನು ತಂದು ಹೊಸದನ್ನು ಇಟ್ಟು ಬರುತ್ತೇನೆ. ಹೋದ ಹದಿಮೂರು ಹಾಡುಗಳು ಯಾವ ಯಂತ್ರಕ್ಕೂ ಮರಳಿ ಸಿಗಲಾರವು. ಓದುಗರ ಮನೆಯಲ್ಲಿ ಎಲ್ಲವೂ ಇನ್ನೂ ಉಳಿದಿದ್ದರೆ, ಈ ಭಾನುವಾರವೇ ಮೊದಲ ಪ್ರತಿ ಮಾಡಿಕೊಳ್ಳಲಿ. ಯಂತ್ರವನ್ನು ಆಮೇಲೆ ನಿಧಾನವಾಗಿ ಕೊಳ್ಳಬಹುದು.